ಏರಿ ಮೇಲೆ ಕಲಿತ ಪಾಠ

ನಾನು ಎಂಜಿನಿಯರಿಂಗ್‌ನ ಸಿವಿಲ್ ಬ್ರಾಂಚಿನವನು. ಕಾಲೇಜಿನ ದಿನಗಳ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಕ್ಲಾಸ್ ರೂಮಿಗಿಂತ ಮೊದಲು ನೆನಪಾದದ್ದು ಸರ್ವೇ ಕ್ಯಾಂಪ್. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಒಂದು ಹಳೇ ಕೆರೆ. ಅದನ್ನು ದುರಸ್ತಿ ಮಾಡಬೇಕಾದರೆ ಏನೆಲ್ಲ ಬೇಕು ಎಂದು ಅಳೆದು, ನಕ್ಷೆ ಬರೆದು, ಅಂದಾಜು ಪಟ್ಟಿ ಕೊಡುವುದು ನಮ್ಮ ತಂಡದ ಕೆಲಸ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ಅದು. ಅಲ್ಲಿ ಕೆರೆ ಅಂದರೆ ಊರಿನ ಜೀವ.

ತಂಡದಲ್ಲಿ ನಾವು ಆರು ಜನ. ಯಾದಗಿರಿಯ ಹುಡುಗಿ, ಚಿಂತಾಮಣಿಯ ಹುಡುಗ, ಬೆಂಗಳೂರಿನವರು ಇಬ್ಬರು, ಹಾಸನದವಳು, ನಾನು. ನಾಲ್ಕು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದೆವು. ಆದರೆ ಒಟ್ಟಿಗೆ ಕೆಲಸ ಮಾಡಿದ್ದು ಅದೇ ಮೊದಲು.

ಲೆವೆಲ್ಲಿಂಗ್, ಅಂದರೆ ನೆಲದ ಏರುತಗ್ಗಿನ ಮಟ್ಟ ಅಳೆಯುವುದು, ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ನಾಲ್ಕು ಮೀಟರಿನ ಸ್ಟಾಫ್ (ಅಳತೆಪಟ್ಟಿ) ಹಿಡಿದು ನಿಲ್ಲಬೇಕು. ಇನ್ನೊಬ್ಬರು ದುರ್ಬೀನು ಇರುವ ಮಟ್ಟ ನೋಡುವ ಉಪಕರಣ, ಡಂಪಿ ಲೆವೆಲ್‌ನಲ್ಲಿ ಕಣ್ಣಿಟ್ಟು ರೀಡಿಂಗ್ ಹೇಳಬೇಕು. ಮತ್ತೊಬ್ಬರು ಫೀಲ್ಡ್ ಬುಕ್ಕಿನಲ್ಲಿ ಬರೆಯಬೇಕು. ನಮ್ಮ ಲ್ಯಾಬಿನ ಹಳೇ ಡಂಪಿಯಲ್ಲಿ ಸ್ಟಾಫ್ ತಲೆಕೆಳಗಾಗಿ ಕಾಣುತ್ತಿತ್ತು. ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಅದರ ಜೊತೆಗೆ ಕೆರೆ ಏರಿ ಮೇಲಿನ ಗಾಳಿ! ಎರಡು ಮಾರು ದೂರದಲ್ಲಿ ನಿಂತವರ ಮಾತೇ ಹಾರಿಹೋಗುತ್ತಿತ್ತು.

ಏರಿಯ ಉದ್ದಕ್ಕೂ ಹೋಗಿ ಮತ್ತೆ ಹೊರಟ ಬೆಂಚ್ ಮಾರ್ಕಿಗೇ (ಮಟ್ಟ ಗೊತ್ತಿರುವ ಗುರುತಿಗೇ) ಬಂದು ಮುಟ್ಟಿದೆವು. ಸಂಜೆ ಲೆಕ್ಕ ಹಾಕಿದರೆ ಅದೇ ಗುರುತಿನ ಮಟ್ಟದಲ್ಲಿ 35 ಸೆಂಟಿಮೀಟರ್ ವ್ಯತ್ಯಾಸ. ಪುಸ್ತಕದ ಪ್ರಕಾರ ಒಂದು ಕಿಲೋಮೀಟರಿಗೆ 24 ಮಿಲಿಮೀಟರಿನಷ್ಟು ತಪ್ಪನ್ನು ಮಾತ್ರ ಒಪ್ಪಬಹುದು. ಬ್ಯಾಕ್ ಸೈಟ್‌ಗಳ (ಮಟ್ಟ ಗೊತ್ತಿರುವ ಹಿಂದಿನ ಜಾಗದ ರೀಡಿಂಗ್) ಮೊತ್ತದಿಂದ ಫೋರ್ ಸೈಟ್‌ಗಳ (ಮುಂದಿನ ಜಾಗದ ರೀಡಿಂಗ್) ಮೊತ್ತ ಕಳೆದು, ಕೊನೆಯ ಮಟ್ಟಕ್ಕೂ ಮೊದಲ ಮಟ್ಟಕ್ಕೂ ಇರುವ ವ್ಯತ್ಯಾಸದ ಜೊತೆ ತಾಳೆ ನೋಡಿದರೆ ಎಲ್ಲ ಸರಿ. ಅಂದರೆ ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಬರೆದ ಅಂಕಿಯೇ ತಪ್ಪಾಗಿದ್ದರೆ ಆ ತಾಳೆಗೆ ಅದು ಗೊತ್ತಾಗುವುದೇ ಇಲ್ಲ.

ಅವತ್ತು ರಾತ್ರಿ ನಾವು ಉಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲಿ ದೊಡ್ಡ ಜಗಳ. ಓದಿದವನದು ತಪ್ಪು, ಬರೆದವನದು ತಪ್ಪು, ಸ್ಟಾಫ್ ವಾಲಿಸಿದವರದು ತಪ್ಪು. ಊಟಕ್ಕೂ ಬೇರೆ ಬೇರೆ ಕೂತೆವು. ಯಾದಗಿರಿಯ ಹುಡುಗಿ ಮಾತ್ರ ಫೀಲ್ಡ್ ಬುಕ್ ತೆಗೆದುಕೊಂಡು ಒಂದೊಂದೇ ಸಾಲು ನೋಡುತ್ತಾ ಹೋದಳು. ಕೊನೆಗೆ ಒಂದು ಕಡೆ ಬೆರಳಿಟ್ಟು, "ಇಲ್ಲಿ ಒನ್ ಫಿಫ್ಟಿ ಅಂದಿದ್ದು ಒನ್ ಫಿಫ್ಟೀನ್ ಅಂತ ಕೇಳ್ಸಿರಬೇಕು, ನೋಡ್ರಿ" ಅಂದಳು. 1.500 ಇರಬೇಕಾದ ಕಡೆ 1.150. ಸರಿಯಾಗಿ 35 ಸೆಂಟಿಮೀಟರ್! ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ನೋಡಿದೆವು. ಅವಳು ಹೇಳಿದ್ದೇ ನಿಜ. ಯಾರ ಕಣ್ಣೂ ತಪ್ಪಿರಲಿಲ್ಲ, ಯಾರ ಕೈಯೂ ತಪ್ಪಿರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವ ದಾರಿಯಲ್ಲಿ ಅಂಕಿ ಬದಲಾಗಿತ್ತು.

ನಮ್ಮ ಸರ್ ಬೈಯಲಿಲ್ಲ. "ಇವತ್ತಿಂದ ಎಲ್ಲರೂ ಎಲ್ಲ ಕೆಲಸ ಮಾಡಿ" ಅಂದರು ಅಷ್ಟೇ. ಆ ಒಂದು ಮಾತು ಎಷ್ಟು ಕೆಲಸ ಮಾಡಿತು ಅಂತೀರಿ! ಬಿಸಿಲಲ್ಲಿ ಸ್ಟಾಫ್ ನೆಟ್ಟಗೆ ಹಿಡಿದು ನಿಂತವನಿಗೆ ಲೆವೆಲ್ ಹತ್ತಿರ ಇರುವವರು ಯಾಕೆ ತಡಮಾಡುತ್ತಾರೆ ಎಂಬ ಸಿಟ್ಟು ಇರುತ್ತದೆ. ಅವನೇ ಲೆವೆಲ್ ಮುಂದೆ ಬಗ್ಗಿದಾಗ, ಉಪಕರಣ ಸಮವಾಗಿದೆಯೇ ಎಂದು ತೋರಿಸುವ ಗುಳ್ಳೆಯನ್ನು ನಡುವಿಗೆ ತರುವ ಕಷ್ಟ ಗೊತ್ತಾಗುತ್ತದೆ.

ಅಂಕಿಗಳನ್ನು ಒಂದೊಂದಾಗಿ, ಕನ್ನಡದಲ್ಲೇ ಹೇಳುವುದು ಎಂದು ನಾವೇ ತೀರ್ಮಾನಿಸಿದೆವು. "ಒಂದು, ಐದು, ಸೊನ್ನೆ, ಸೊನ್ನೆ." ಬರೆಯುವವರು ಅದನ್ನು ಜೋರಾಗಿ ತಿರುಗಿ ಹೇಳಬೇಕು. ಓದಿದವರು "ಸರಿ" ಅಂದ ಮೇಲೆ, ಕೈ ಎತ್ತಿ ತೋರಿಸಿದ ಮೇಲೆಯೇ ಸ್ಟಾಫ್ ಕದಲಬೇಕು. ಕ್ಲಾಸಿನಲ್ಲಿ ಬಾಯಿ ಬಿಡದಿದ್ದ ಯಾದಗಿರಿಯ ಹುಡುಗಿಯ ದನಿ ಏರಿಯ ಆ ತುದಿಗೂ ಕೇಳಿಸುತ್ತಿತ್ತು. ಅವಳು ಇಷ್ಟು ದಿನ ಸುಮ್ನೆ ಇದ್ದದ್ದು ನಾವು ಕೇಳದೇ ಇದ್ದದ್ದಕ್ಕೆ, ಅಲ್ವಾ?

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿ ಹತ್ತಿರ ಮತ್ತೆ ಗೊಂದಲವಾಯಿತು. ಕೋಡಿಯ ಮಟ್ಟ ಗೊತ್ತಾದರೆ ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಗುರುತಿಸಬಹುದು. ನಮ್ಮ ಲೆಕ್ಕದಲ್ಲಿ ನೀರು ಮೇಲಿನ ಹೊಲಗಳಿಗೂ ನುಗ್ಗುತ್ತಿತ್ತು. ಆದರೆ ಅಲ್ಲಿ ನೀರು ನಿಂತ ಗುರುತೇ ಇಲ್ಲ. ಊರಿನ ನೀರಗಂಟಿ ತಾತ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಯಾರ ಗದ್ದೆಗೆ ಯಾವಾಗ ನೀರು ಎಂದು ತೂಬು ತೆಗೆದು ಮುಚ್ಚುತ್ತಾ ವಯಸ್ಸು ಕಳೆದವರು. ಚಿಂತಾಮಣಿಯ ಗೆಳೆಯ ಹೋಗಿ ಅವರ ಜೊತೆ ತೆಲುಗಿನಲ್ಲಿ ಮಾತಿಗೆ ಕೂತ. ಕೆರೆ ತುಂಬದೆ ಎಷ್ಟೋ ಕಾಲವಾಗಿದೆ, ಜಾಸ್ತಿ ನೀರು ನಿಲ್ಲಲಿ ಎಂದು ಊರವರೇ ಈಚೆಗೆ ಕೋಡಿ ಮೇಲೆ ಕಲ್ಲು ಪೇರಿಸಿದ್ದಾರೆ, ಹಳೇ ಮಟ್ಟ ಅದರ ಕೆಳಗಿದೆ ಎಂದು ತಾತ ಹೇಳಿದರು. ಬಂದು ಕೋಲಿನಿಂದ ತೋರಿಸಿಯೂ ಕೊಟ್ಟರು. ನಮ್ಮ ಇಡೀ ನಕ್ಷೆಯಲ್ಲಿ ಅತಿ ಮುಖ್ಯವಾದ ಗೆರೆ ಅವರು ಹೇಳಿದ್ದರಿಂದ ಸರಿಯಾಯಿತು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಮೊದಲು ಕೇಳಿದ್ದೂ ಅದನ್ನೇ. ಗೆಳೆಯ ತಾತನ ವಿಷಯ ಹೇಳಿದ. ಪರೀಕ್ಷಕರಿಗೆ ತುಂಬ ಖುಷಿಯಾಯಿತು.

ಈಗ ನಾನು ಕೆಲಸ ಮಾಡುವ ಕಡೆ ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಸರ್ವೇ ಉಪಕರಣ ಇದೆ. ಅದು ತಾನೇ ಓದಿ ತಾನೇ ಬರೆದುಕೊಳ್ಳುತ್ತದೆ. ಆದರೂ ಸೈಟಿನಲ್ಲಿ ಫೋನಿನಲ್ಲಿ ಯಾರಾದರೂ ಅಳತೆ ಹೇಳಿದರೆ ನಾನು ಒಂದೊಂದೇ ಅಂಕಿಯಾಗಿ ತಿರುಗಿ ಹೇಳುತ್ತೇನೆ. ಹೊಸದಾಗಿ ಬಂದವರಿಗೂ ಅದನ್ನೇ ಕಲಿಸುತ್ತೇನೆ.

ಈ ವರ್ಷ ಕ್ಯಾಂಪಿಗೆ ಹೊರಟಿರುವ ತಮ್ಮ ತಂಗಿಯರೇ, ಲೆವೆಲ್ ಪೆಟ್ಟಿಗೆ ಬಿಚ್ಚುವ ಮೊದಲು ಊರೊಳಗೆ ಒಮ್ಮೆ ಹೋಗಿ ಬನ್ನಿ. ನೀರಗಂಟಿ ಯಾರು ಎಂದು ಕೇಳಿ. ಅವರ ಭಾಷೆ ಬಲ್ಲವರು ನಿಮ್ಮಲ್ಲಿ ಯಾರಿದ್ದಾರೋ ಅವರನ್ನೇ ಮುಂದೆ ಬಿಡಿ.