‘ಗಂಡಭೇರುಂಡ’ ಹಡಗಿನ ಕಂತು: ನಮ್ಮ ಟ್ರಾವೆಲರ್ ಆಟದ ದಿನಚರಿ

ಜೂನ್

ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುವ ಆಟಗಳಲ್ಲಿ ವರ್ಷಗಟ್ಟಲೆ ಕತ್ತಿ, ಡ್ರ್ಯಾಗನ್, ಮಂತ್ರವಾದಿ ಅಂತ ಆಡಿದ ಮೇಲೆ ನಮ್ಮ ಗುಂಪಿಗೆ ಸಾಕೆನಿಸಿತು. ಈ ಸಲ ಬಾಹ್ಯಾಕಾಶ ಅಂತ ತೀರ್ಮಾನವಾಯಿತು. ಯಾವ ಆಟ ಅನ್ನುವುದನ್ನು ನನಗೇ ಬಿಟ್ಟರು, ಕಥೆ ನಡೆಸಿ ನಿಯಮ ನೋಡಿಕೊಳ್ಳುವ ರೆಫರಿಯ ಕುರ್ಚಿಯಲ್ಲಿ ಕೂರುವವರು ಬೇರೆ ಯಾರೂ ಇರಲಿಲ್ಲವಲ್ಲ. ನಾನು ಟ್ರಾವೆಲರ್ ತಂದಿಟ್ಟೆ.

ಮಾರ್ಕ್ ಮಿಲ್ಲರ್ ರೂಪಿಸಿದ ಆಟ ಇದು. ಅಮೆರಿಕದ ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ 1977ರಲ್ಲಿ ಕಪ್ಪು ರಕ್ಷಾಪುಟದ ಮೂರು ಪುಟ್ಟ ಪುಸ್ತಕಗಳಾಗಿ ಹೊರತಂದಿತು. ಆ ಕಂಪನಿ 1996ರಲ್ಲೇ ಬಾಗಿಲು ಹಾಕಿತು. ಈಗ ಇಂಗ್ಲೆಂಡಿನ ಮಂಗೂಸ್ ಪಬ್ಲಿಷಿಂಗ್‌ನವರು ಹೊಸ ಆವೃತ್ತಿಗಳನ್ನು ಚೆಂದವಾಗಿ ತರುತ್ತಿದ್ದಾರೆ. ಆದರೂ ನಾನು ಹಿಡಿದದ್ದು 1981ರ ಪರಿಷ್ಕೃತ ಹಳೆಯ ನಿಯಮಗಳನ್ನೇ. ಪುಸ್ತಕ ತೆಳ್ಳಗೆ, ಹಾಸುಹೊಕ್ಕಾದ ಕಥೆ-ಪುರಾಣ ಕಡಿಮೆ, ಬೇಕಾದ್ದು ಆರು ಮುಖದ ಮಾಮೂಲಿ ದಾಳ ಮಾತ್ರ. ಇಪ್ಪತ್ತು ಮುಖದ ದಾಳ ಮನೆಯಲ್ಲೇ ಬಿಟ್ಟು ಬನ್ನಿ ಅಂದಾಗ ಒಂದಿಬ್ಬರ ಮುಖ ಸಣ್ಣಗಾಯಿತು.

ಮೊದಲ ಕೂಟ ಪೂರ್ತಿ ಪಾತ್ರ ಕಟ್ಟುವುದರಲ್ಲೇ ಕಳೆಯಿತು. ಅದೇ ಒಂದು ಆಟ. ಹದಿನೆಂಟನೇ ವಯಸ್ಸಿಗೆ ನೌಕಾಪಡೆಗೋ ಹೊಸ ಲೋಕ ಹುಡುಕುವ ಸ್ಕೌಟ್ ಸೇವೆಗೋ ವ್ಯಾಪಾರಿ ಹಡಗಿಗೋ ಸೇರಬೇಕು. ಸೇವೆಯ ಅವಧಿ ನಾಲ್ಕು ನಾಲ್ಕು ವರ್ಷದ್ದು. ಪ್ರತಿ ಅವಧಿಗೂ ‘ಬದುಕುಳಿದೆಯಾ?’ ಅಂತ ದಾಳ ಕೇಳುತ್ತದೆ. ಸ್ಕೌಟ್ ಸೇವೆಯಲ್ಲಿ ಎರಡು ದಾಳ ಕೂಡಿ ಏಳೋ ಅದಕ್ಕಿಂತ ಹೆಚ್ಚೋ ಬೀಳಬೇಕು. ದೇಹದ ತಾಳಿಕೆ ಚೆನ್ನಾಗಿದ್ದವರಿಗೆ ಸ್ವಲ್ಪ ರಿಯಾಯಿತಿ ಉಂಟು. ಬೀಳದಿದ್ದರೆ ಪಾತ್ರ ಸತ್ತಿತು, ಆಟ ಶುರುವಾಗುವ ಮೊದಲೇ! ನಮ್ಮ ಇಂಜಿನಿಯರ್ ಆಗಬೇಕಿದ್ದವನು ಸ್ಕೌಟ್ ಆಗುತ್ತೇನೆ ಅಂತ ಹಟ ಹಿಡಿದ. ಮೊದಲ ಅವಧಿಯಲ್ಲೇ ಹೋದ. ಮತ್ತೆ ಹೊಸ ಪಾತ್ರ ಬರೆದ, ಅದು ಎರಡನೆಯ ಅವಧಿಯಲ್ಲಿ ಹೋಯಿತು. ‘ಲೋ, ಇದೇನು ಆಟನೋ ತಿಥಿ ಊಟನೋ?’ ಅಂತ ರೇಗಿದ. ಆಮೇಲೆ ತೆಪ್ಪಗೆ ವ್ಯಾಪಾರಿ ಹಡಗಿಗೆ ಸೇರಿಕೊಂಡು ಮೂವತ್ತನಾಲ್ಕರವರೆಗೂ ಬದುಕಿದ. ಮುಪ್ಪಿನ ದಾಳ ಶುರುವಾಗುವುದೂ ಆ ವಯಸ್ಸಿಗೇ.

ಆ ಕೂಟ ಮುಗಿದಾಗ ಕೈಯಲ್ಲಿದ್ದವರು: ಕ್ಯಾಪ್ಟನ್ ಭೈರವಿ, ಹಡಗು ನಡೆಸುವವಳೂ ಅವಳೇ. ಇಂಜಿನಿಯರ್ ಪುಟ್ಟಸ್ವಾಮಿ. ಡಾಕ್ಟರ್ ನಾಗವೇಣಿ. ಸ್ಟೂವರ್ಡ್ ಶೇಷಾದ್ರಿ. ಈ ಶೇಷಾದ್ರಿಯನ್ನು ಆಡುವ ಗೆಳತಿ ನಿಜ ಜೀವನದಲ್ಲಿ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಇದು ಮುಂದೆ ಬರುತ್ತದೆ.

ಜುಲೈ

ಭೈರವಿ ನಿವೃತ್ತಿಯ ದಾಳ ಹಾಕಿದಾಗ ಅತಿ ಮೇಲಿನ ಬಹುಮಾನ ಬಂತು: ಹಡಗು. ಎಲ್ಲರೂ ಎದ್ದು ಕೂಗಿದರು. ಇನ್ನೂರು ಟನ್ನಿನ ಫ್ರೀ ಟ್ರೇಡರ್, ಅಂದರೆ ಸಣ್ಣ ವ್ಯಾಪಾರಿ ಹಡಗು. ಹತ್ತು ಕೋಣೆ, ಇಪ್ಪತ್ತು ಲೋ ಬರ್ತ್ (ಪ್ರಯಾಣಿಕರನ್ನು ತಣ್ಣಗೆ ಮಲಗಿಸಿ ಒಯ್ಯುವ ಜಾಗ), 82 ಟನ್ ಸರಕು ಹಿಡಿಯುವ ಹೊಟ್ಟೆ. ‘ಗಂಡಭೇರುಂಡ’ ಅಂತ ಹೆಸರಿಟ್ಟೆವು. ಆಮೇಲೆ ಬೆಲೆಯ ಸಾಲು ಓದಿದೆ. ಮೂರು ಕೋಟಿ ಎಪ್ಪತ್ತು ಲಕ್ಷದ ಎಂಬತ್ತು ಸಾವಿರ ಕ್ರೆಡಿಟ್. ಹಡಗು ಸಿಕ್ಕಿದೆ, ಸಾಲದ ಸಮೇತ. ತಿಂಗಳ ಕಂತು ಬೆಲೆಯ 240ನೇ ಒಂದು ಪಾಲು, ಅಂದರೆ 1,54,500. ಇದು 480 ತಿಂಗಳು, ನಲವತ್ತು ವರ್ಷ.

ಶೇಷಾದ್ರಿ ಆಗಲೇ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದಳು. ‘ಕೊಟ್ಟು ಮುಗಿಸೋ ಹೊತ್ತಿಗೆ ಹಡಗಿನ ಬೆಲೆಯ ಎರಡು ಪಟ್ಟು ಕಟ್ಟಿರ್ತೀವಿ ಗುರು. ಬ್ಯಾಂಕ್‌ನವರು ನಮಗಿಂತ ಬುದ್ಧಿವಂತರು.’

ಆ ಕ್ಷಣದಿಂದ ಆಟದ ದಿಕ್ಕು ಬದಲಾಯಿತು. ಸಾಲದ ಲಾರಿ ಓಡಿಸುವವನ ಮನೆಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಲೋಡು ಎಲ್ಲಿ ಅನ್ನುವ ಮಾತು ಬರುತ್ತದಲ್ಲ, ನಮ್ಮ ಟೇಬಲ್ಲಿಗೂ ಅದೇ ಗತಿ ಬಂತು. ನಾನು ಕಡಲ್ಗಳ್ಳರ ಒಂದು ಪಡೆಯನ್ನೇ ಕಟ್ಟಿಟ್ಟುಕೊಂಡಿದ್ದೆ, ನಾಯಕನಿಗೆ ಒಂದು ಕಣ್ಣಿಲ್ಲ, ಅವನಿಗೊಂದು ದುಃಖದ ಹಿನ್ನೆಲೆ. ಇಲ್ಲಿಯವರೆಗೂ ಅವನು ನನ್ನ ನೋಟ್‌ಬುಕ್ ಬಿಟ್ಟು ಹೊರಬಂದಿಲ್ಲ.

ಲೆಕ್ಕ ಹೀಗೆ. ಒಂದು ಜಂಪ್, ಅಂದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆತ, ಸುಮಾರು ಒಂದು ವಾರ, ದೂರ ಎಷ್ಟೇ ಇರಲಿ. ಬಂದರಿನಲ್ಲಿ ಇನ್ನೊಂದು ವಾರ. ಹಾಗಾಗಿ ತಿಂಗಳಿಗೆ ಎರಡೇ ಟ್ರಿಪ್. ಸರಕಿಗೆ ಟನ್ನಿಗೆ 1,000, ಎಚ್ಚರವಾಗಿ ಕೋಣೆಯಲ್ಲಿ ಹೋಗುವ ಹೈ ಪ್ಯಾಸೇಜ್ ಟಿಕೆಟ್ಟಿಗೆ 10,000, ಲೋ ಬರ್ತಿಗೆ 1,000. ಹತ್ತು ಕೋಣೆಯಲ್ಲಿ ನಾಲ್ಕು ನಮಗೇ ಬೇಕು, ಉಳಿದದ್ದೆಲ್ಲ ತುಂಬಿದರೆ ಟ್ರಿಪ್ಪಿಗೆ 1,62,000. ಕೇಳಲು ಚೆಂದ. ಆದರೆ ಸರಕೂ ಮೇಲಿನ ಕೋಣೆಗಳೂ ಅರ್ಧ ಮಾತ್ರ ತುಂಬಿ, ಲೋ ಬರ್ತ್ ಖಾಲಿ ಹೊಡೆದರೆ ಎರಡು ಟ್ರಿಪ್ಪಿಗೆ 1,42,000. ಕಂತಿಗೇ ಸಾಲದು. ಅದರ ಮೇಲೆ ಇಂಧನ: ಮೂವತ್ತು ಟನ್, ಸಂಸ್ಕರಿಸಿದ್ದಾದರೆ ಟನ್ನಿಗೆ 500. ಜನ ಇರುವ ಪ್ರತಿ ಕೋಣೆಗೂ ಟ್ರಿಪ್ಪಿಗೆ 2,000 ಉಸಿರಿನ ಖರ್ಚು. ಸಂಬಳ ಅಂತ ನಾಲ್ವರಿಗೂ ಸೇರಿ ತಿಂಗಳಿಗೆ 15,000 ಆಗಬೇಕಿತ್ತು, ಅದನ್ನು ಬಿಟ್ಟುಕೊಟ್ಟಿದ್ದೇವೆ. ಪುಟ್ಟಸ್ವಾಮಿ ಇನ್ನೂ ಗೊಣಗುತ್ತಾನೆ.

‘ಓಡಿ ಹೋಗೋಣ,’ ಅಂದಳು ಭೈರವಿ. ಯೋಚನೆ ಪೂರಾ ದಡ್ಡತನದ್ದೇನಲ್ಲ. ಈ ಆಟದಲ್ಲಿ ಬೆಳಕಿಗಿಂತ ವೇಗದ ರೇಡಿಯೋ ಇಲ್ಲ, ಸುದ್ದಿ ಹಡಗಿನಲ್ಲೇ ಹೋಗಬೇಕು. ಬ್ಯಾಂಕಿನ ನೋಟೀಸಿಗಿಂತ ಮೊದಲೇ ಮುಂದಿನ ಲೋಕ ಸೇರಬಹುದು. ಆದರೆ ನಮ್ಮದು ಜಂಪ್-1 ಹಡಗು, ನಕ್ಷೆಯಲ್ಲಿ ಪಕ್ಕದ ಮನೆಗೆ ಮಾತ್ರ ನೆಗೆಯುತ್ತದೆ. ಇನ್ನೂ ದೂರ ನೆಗೆಯುವ ಯಾವ ಹಡಗೂ ನಮ್ಮನ್ನು ಹಿಂದಿಕ್ಕುತ್ತದೆ. ಯೋಜನೆ ಅಲ್ಲಿಗೇ ಬಿತ್ತು.

ಆಗಸ್ಟ್

ನಕ್ಷೆಯ ಬಗ್ಗೆ ಬರೆಯಲೇಬೇಕು. ಅಡ್ಡ ಎಂಟು, ಉದ್ದ ಹತ್ತು, ಒಟ್ಟು ಎಂಬತ್ತು ಷಟ್ಕೋನ ಮನೆಗಳು. ಪ್ರತಿ ಮನೆಗೂ ಒಂದು ದಾಳ. ನಾಲ್ಕು, ಐದು, ಆರು ಬಿದ್ದರೆ ಅಲ್ಲೊಂದು ಲೋಕ. ಆಮೇಲೆ ಪ್ರತಿ ಲೋಕಕ್ಕೂ ಬಂದರಿನ ದರ್ಜೆ, ಗಾತ್ರ, ಗಾಳಿ, ನೀರು, ಜನಸಂಖ್ಯೆ, ಸರ್ಕಾರ, ಕಾನೂನು, ತಂತ್ರಜ್ಞಾನ. ಎಲ್ಲಕ್ಕೂ ದಾಳವೇ. ಕೊನೆಗೆ ಒಂದು ಸಾಲಿನ ಸಂಕೇತ ಸಿಗುತ್ತದೆ. ನನಗೆ ಆಟದ ಅತಿ ಖುಷಿಯ ಭಾಗ ಇದೇ. ರಾತ್ರಿ ಒಬ್ಬನೇ ಕೂತು, ಕಾಫಿ ಆರಿ ತಣ್ಣಗಾಗುವವರೆಗೂ ದಾಳ ಹಾಕಿದ್ದೇನೆ.

ಅದರಲ್ಲಿ ಒಂದು ಸಾಲು: ಇ200999-5.

ಬಿಡಿಸಿ ಓದಿ. ‘ಇ’ ದರ್ಜೆಯ ಬಂದರು, ಅಂದರೆ ಸಮತಟ್ಟಾದ ಬಂಡೆ, ಗುರುತು ಮಾಡಿಟ್ಟಿದ್ದಾರೆ, ಇಂಧನ ಇಲ್ಲ, ಇಳಿದುಕೊಂಡರೆ ನಿಮ್ಮ ಪುಣ್ಯ. ಗಾತ್ರ 2, ಸುಮಾರು 3,200 ಕಿಲೋಮೀಟರ್ ಅಡ್ಡಳತೆ, ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು. ಗಾಳಿ ಸೊನ್ನೆ. ನೀರು ಸೊನ್ನೆ. ಜನಸಂಖ್ಯೆ 9: ನೂರಾರು ಕೋಟಿ! ಸರ್ಕಾರ 9, ಮುಖವಿಲ್ಲದ ಅಧಿಕಾರಶಾಹಿ. ಕಾನೂನು 9, ಮನೆಯಿಂದಾಚೆ ಯಾವ ಆಯುಧವೂ ಕೂಡದು. ತಂತ್ರಜ್ಞಾನಕ್ಕೆ ಒಂದು ದಾಳ ಹಾಕಿ ಅದಕ್ಕೆ ಗಾತ್ರ, ಗಾಳಿ, ಜನರ ಲೆಕ್ಕದಲ್ಲಿ ನಾಲ್ಕು ಕೂಡಿಸಬೇಕು. ದಾಳದಲ್ಲಿ ಬಿದ್ದದ್ದು ಒಂದು. ಒಟ್ಟು ಐದು. ಅಂದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲದ ಯಂತ್ರಗಳು. ಗಾಳಿಯಿಲ್ಲದ ಬಂಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ನೂರಾರು ಕೋಟಿ ಜನ ಹೇಗೆ ಬದುಕುತ್ತಾರೆ?

ಇಂಥದ್ದು ಬಂದರೆ ದಾಳ ಮತ್ತೆ ಹಾಕಿಬಿಡಿ ಅನ್ನುವ ರೆಫರಿಗಳಿದ್ದಾರೆ. ನನಗದು ಸರಿಬರುವುದಿಲ್ಲ. ಸುಮ್ಮನೆ ತಲೆಯಿಂದ ಹುಟ್ಟಿಸಿದ್ದರೆ ನಾನು ಇನ್ನೊಂದು ಮರಳುಗಾಡಿನ ಗ್ರಹ ಮಾಡುತ್ತಿದ್ದೆ, ಅಷ್ಟೇ. ‘ಬಂಡೆಹಟ್ಟಿ’ ಅಂತ ಹೆಸರಿಟ್ಟು ಸಂಕೇತವನ್ನು ಹಾಗೇ ಟೇಬಲ್ ಮೇಲಿಟ್ಟೆ. ಉತ್ತರ ಕೊಟ್ಟವನು ಪುಟ್ಟಸ್ವಾಮಿ. ‘ಎಲ್ಲ ಬಂಡೆಯೊಳಗಿದ್ದಾರೆ. ತಾತ-ಮುತ್ತಾತರ ಕಾಲದ ಗಾಳಿ ಯಂತ್ರ ಇದೆ. ಓಡ್ತಾ ಇದೆ, ರಿಪೇರಿ ಗೊತ್ತಿರೋರು ಯಾರೂ ಉಳಿದಿಲ್ಲ. ಅದಕ್ಕೇ ಪ್ರತಿಯೊಂದಕ್ಕೂ ಅರ್ಜಿ, ಪರ್ಮಿಟ್ಟು. ಒಬ್ಬ ತಪ್ಪು ವಾಲ್ವ್ ತಿರುಗಿಸಿದ್ರೆ ಊರೇ ಸತ್ತಂತೆ.’

ನಾನು ಅಲ್ಲೇ ಬರೆದುಕೊಂಡೆ. ಅಧಿಕಾರಶಾಹಿ, ಕಟ್ಟುನಿಟ್ಟಿನ ಕಾನೂನು, ಹಳೆಯ ಯಂತ್ರ, ಮೂರೂ ಒಂದೇ ಏಟಿಗೆ ಹೊಂದಿಕೊಂಡವು. ದೊಡ್ಡ ಕಂಪನಿಗಳ ಹಡಗು ಇಂಧನವಿಲ್ಲದ ಬಂದರಿಗೆ ಬರುವುದಿಲ್ಲ. ನಮ್ಮ ಹಡಗು ಅದೇ ವ್ಯೂಹದ ಅನಿಲ ದೈತ್ಯ ಗ್ರಹಕ್ಕೆ ಹೋಗಿ ಹೈಡ್ರೋಜನ್ ಗೋರಿಕೊಳ್ಳಬಹುದು. ಸಂಸ್ಕರಿಸದ ಇಂಧನದಿಂದ ಜಂಪ್ ಅಡ್ಡಾದಿಡ್ಡಿಯಾಗುವ ಅಪಾಯ ಇದೆ. ಆದರೆ ಪುಕ್ಕಟೆ. ಪೈಪೋಟಿ ಇಲ್ಲದ ರೂಟು ನಮಗೆ ಸಿಕ್ಕಿತು.

ಶೇಷಾದ್ರಿ ಮೊದಲು ಕೇಳಿದ್ದು ಅಷ್ಟು ಜನಕ್ಕೆ ರಾಗಿ ಸಾಗಿಸಿದರೆ ಹೇಗೆ ಅಂತ. ಪಟ್ಟಿ ನೋಡಿದೆವು. ಧಾನ್ಯದ ಮೂಲ ಬೆಲೆ ಟನ್ನಿಗೆ 300 ಕ್ರೆಡಿಟ್, ಸಾಗಣೆಯ ಬಾಡಿಗೆ 1,000. ‘ರಾಗಿಗಿಂತ ರಾಗಿಯ ಬಾಡಿಗೆ ಮೂರು ಪಟ್ಟು. ಇದನ್ನ ಯಾವನು ಸಾಗಿಸ್ತಾನೆ?’ ಅಲ್ಲಿಗೆ ಬಂಡೆಹಟ್ಟಿಯವರು ತಮ್ಮ ಊಟವನ್ನು ತಾವೇ ಬೆಳೆದುಕೊಳ್ಳುತ್ತಾರೆ, ಬಹುಶಃ ಅಣಬೆ ಅಂತ ತೀರ್ಮಾನ. ಊಟಕ್ಕೆ ರುಚಿ ಇರಲಾರದು. ಹಾಗಾದರೆ ಮಸಾಲೆ! ಮಸಾಲೆ ಟನ್ನಿಗೆ 6,000. ಹದಿನೈದು ಟನ್ ಏಲಕ್ಕಿಯನ್ನು (ಪುಸ್ತಕದಲ್ಲಿ ‘ಸ್ಪೈಸಸ್’ ಅಂತಷ್ಟೇ ಇದೆ, ನಮ್ಮ ಹಡಗಿನಲ್ಲಿ ಏಲಕ್ಕಿಯೇ) ದಾಳದ ದಯೆಯಿಂದ ಮೂಲ ಬೆಲೆಯ ಶೇಕಡ 80ಕ್ಕೆ ಕೊಂಡು 130ಕ್ಕೆ ಮಾರಿದೆವು. 45,000 ಲಾಭ. ಆ ರಾತ್ರಿ ಪಿಜ್ಜಾ ಬದಲು ಬಿರಿಯಾನಿ ತರಿಸಿದ್ದು ಇದೇ ಹುರುಪಿನಲ್ಲಿ.

ಮಾರಾಟದ ಪರ್ಮಿಟ್ಟಿಗೆ ಶೇಷಾದ್ರಿ ಮತ್ತು ನಾನು ಆಡಿದ ಗುಮಾಸ್ತನ ನಡುವಿನ ಮಾತು ಇಡೀ ಕೂಟದ ಅರ್ಧ ತಿಂದಿತು. ‘ಮೂರು ಪ್ರತಿ ಬೇಕು ಮೇಡಂ. ಕಾರ್ಬನ್ ಪೇಪರ್ ನೀವೇ ತರ್ಬೇಕು.’ ‘ಕಾರ್ಬನ್ ಪೇಪರ್ ಎಲ್ಲಿ ಸಿಗುತ್ತೆ?’ ‘ಅದಕ್ಕೂ ಒಂದು ಅರ್ಜಿ ಇದೆ.’ ಗುಂಡು ಹಾರದ ಕೂಟಗಳು ಬೋರು ಅನ್ನುವವರು ಒಮ್ಮೆ ಬಂದು ಆಡಿಟರ್ ಆಫೀಸಿನವಳ ಎದುರು ಗುಮಾಸ್ತನಾಗಿ ಕೂತು ನೋಡಲಿ.

ಸೆಪ್ಟೆಂಬರ್

ಬಂಡೆಹಟ್ಟಿಯಿಂದ ಹೊರಹೋಗಲು ಕಾಯುವ ಬಡಜನ ಬಹಳ. ಹೈ ಪ್ಯಾಸೇಜಿಗೆ ಅವರಲ್ಲಿ ದುಡ್ಡಿಲ್ಲ. ಹಾಗಾಗಿ ಲೋ ಬರ್ತ್: ದೇಹವನ್ನು ತಣ್ಣಗೆ ಮಲಗಿಸಿ, ಊರು ಬಂದ ಮೇಲೆ ಎಬ್ಬಿಸುವುದು. ನಮ್ಮ ಟೇಬಲ್ಲಿನಲ್ಲಿ ಅದಕ್ಕೆ ಫ್ರಿಜ್ಜು ಅಂತಲೇ ಹೆಸರು. ಐದು ಜನ ಹತ್ತಿದರು.

ಎಬ್ಬಿಸುವಾಗ ಒಬ್ಬೊಬ್ಬರಿಗೂ ಎರಡು ದಾಳ, ಐದೋ ಹೆಚ್ಚೋ ಬೀಳಬೇಕು. ಡಾಕ್ಟರಿಗೆ ಎರಡನೇ ಹಂತದ ವೈದ್ಯ ಕೌಶಲ ಇದ್ದರೆ ಒಂದು ಕೂಡಿಸಬಹುದು. ನಾಗವೇಣಿಯದು ಒಂದನೇ ಹಂತ. ಏನೂ ಕೂಡುವುದಿಲ್ಲ. ಎಂಟು ಬಿತ್ತು. ಆರು ಬಿತ್ತು. ಒಂಬತ್ತು. ನಾಲ್ಕು. ಏಳು.

‘ನಾಲ್ಕು ಅಂದ್ರೆ ಏನು?’ ಅಂದಳು. ಸತ್ತ ಅಂದೆ.

ಇಲ್ಲೊಂದು ವಿಲಕ್ಷಣ ನಿಯಮ ಉಂಟು. ಫ್ರಿಜ್ಜಿನ ಪ್ರತಿ ಟಿಕೆಟ್ಟಿನಲ್ಲೂ ಹತ್ತು ಕ್ರೆಡಿಟ್ ತೆಗೆದು ಒಂದು ಲಾಟರಿ. ಎಷ್ಟು ಜನ ಬದುಕಿ ಏಳುತ್ತಾರೆ ಅಂತ ಮಲಗುವವರೇ ಊಹಿಸಬೇಕು. ಹತ್ತಿರ ಊಹಿಸಿದವರಿಗೆ ದುಡ್ಡು. ಗೆದ್ದವನೇ ಸತ್ತಿದ್ದರೆ ಅದು ಕ್ಯಾಪ್ಟನ್‌ಗೆ. ಹತ್ತುವಾಗಲೇ ಎಲ್ಲರ ಊಹೆ ಬರೆದಿಟ್ಟುಕೊಂಡಿದ್ದೆ. ನಾಲ್ಕು ಜನ ಏಳುತ್ತಾರೆ ಅಂದವನು ಒಬ್ಬನೇ, ಏಳದೇ ಹೋದವನೂ ಅವನೇ. ಭೈರವಿಗೆ ಐವತ್ತು ಕ್ರೆಡಿಟ್ ಬಂತು.

ಅವಳು ಬೇಡ ಅಂದಳು. ಶೇಷಾದ್ರಿ, ಲೆಡ್ಜರಿನಲ್ಲಿ ಬರೆಯಲೇಬೇಕು, ಬಂದ ದುಡ್ಡು ಬಂದದ್ದೇ ಅಂದಳು. ಇಬ್ಬರಿಗೂ ಜೋರು ಜಗಳ, ಪಾತ್ರವೂ ಮನುಷ್ಯರೂ ಬೇರೆಯಾಗಿ ಕಾಣದಷ್ಟು. ನಾಗವೇಣಿ ಆಗಲೇ ಮೂಲೆಯಲ್ಲಿ ಲೆಕ್ಕ ಮಾಡಿದ್ದಳು: ಎರಡು ದಾಳದ ಮೂವತ್ತಾರು ಸಾಧ್ಯತೆಯಲ್ಲಿ ಆರು ಸಾವಿನವು, ಆರರಲ್ಲಿ ಒಬ್ಬ. ಇಪ್ಪತ್ತೂ ಬರ್ತ್ ತುಂಬಿದರೆ ಸರಾಸರಿ ಮೂವರಿಗಿಂತ ಹೆಚ್ಚು ಜನ ಸಾಯುತ್ತಾರೆ. ‘ನಾನು ಇನ್ನು ಯಾರನ್ನೂ ಮಲಗಿಸಲ್ಲ,’ ಅಂದಳು. ಟ್ರಿಪ್ಪಿಗೆ 20,000ದವರೆಗಿನ ಆದಾಯ ಬಾಗಿಲು ಹಾಕಿಕೊಂಡಿತು.

ಲೋ ಬರ್ತ್ ನಿಯಮ ಕ್ರೂರ, ತೆಗೆದುಬಿಡು ಅಂತ ಆಮೇಲೆ ಒಬ್ಬರು ಹೇಳಿದರು. ತೆಗೆಯುವುದಿಲ್ಲ. ನಾನು ಕಟ್ಟಿಟ್ಟ ಒಕ್ಕಣ್ಣ ಖಳನಾಯಕನಿಂದ ಇಂಥ ಒಂದು ಜಗಳ ಹುಟ್ಟುತ್ತಿರಲಿಲ್ಲ.

ಈಗ ಎಲ್ಲಿದ್ದೇವೆ

ಒಳ್ಳೆಯ ಡಾಕ್ಟರ್ ಒಬ್ಬರನ್ನು ಸಂಬಳಕ್ಕಿಟ್ಟುಕೊಂಡರೆ ಸಾವು ಹನ್ನೆರಡರಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಅವರಿಗೊಂದು ಕೋಣೆ ಬೇಕು, ಅಂದರೆ ಹೈ ಪ್ಯಾಸೇಜಿನ ಒಂದು ಟಿಕೆಟ್ ಹೋಯಿತು. ನಾಗವೇಣಿಯೇ ಕಲಿತುಕೊಳ್ಳಲಿ ಅಂದರೆ ಈ ನಿಯಮದಲ್ಲಿ ಸ್ವಂತ ಕಲಿಕೆಯ ಲೆಕ್ಕ ನಾಲ್ಕು ವರ್ಷದ್ದು. ಹನ್ನೆರಡರಲ್ಲಿ ಒಂದಾದರೂ ತನಗೆ ಒಪ್ಪಿಗೆಯಿಲ್ಲ ಅಂತಲೂ ಅವಳು ಹೇಳಿದ್ದಾಳೆ. ಪುಟ್ಟಸ್ವಾಮಿಗೆ ಬಂಡೆಹಟ್ಟಿಯ ಗಾಳಿ ಯಂತ್ರದ ಬಿಡಿಭಾಗಗಳ ಗುತ್ತಿಗೆ ಹಿಡಿಯುವ ಆಸೆ. ಅದು ಸಿಕ್ಕರೆ ಫ್ರಿಜ್ಜಿನ ದುಡ್ಡೇ ಬೇಡ. ಗುತ್ತಿಗೆಗೆ ಎಷ್ಟು ಪ್ರತಿ ಅರ್ಜಿ ಬೇಕು ಅನ್ನುವುದನ್ನು ಮಾತ್ರ ನಾನಿನ್ನೂ ಹೇಳಿಲ್ಲ.

ಹಡಗು ಸದ್ಯ ಬಂಡೆಹಟ್ಟಿ ಬಿಟ್ಟು, ಆ ಲೋಕದ ಅಡ್ಡಳತೆಯ ನೂರು ಪಟ್ಟು ದೂರದ ಗಡಿಯತ್ತ ಹೊರಟಿದೆ, ಅದನ್ನು ದಾಟದೆ ಜಂಪ್ ಮಾಡಿದರೆ ಅಪಾಯ. ಸಣ್ಣ ಲೋಕವಾದ್ದರಿಂದ ಒಂದು ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಲ್ಲಿ ಮೂರು ಗಂಟೆ ಚಿಲ್ಲರೆಯ ದಾರಿ. ಭೂಮಿಯಷ್ಟು ದೊಡ್ಡದಿದ್ದರೆ ಆರು ದಾಟುತ್ತಿತ್ತು. ಟ್ಯಾಂಕಿನಲ್ಲಿ ಗೋರಿದ ಇಂಧನ, ಹೊಟ್ಟೆಯಲ್ಲಿ 60 ಟನ್ ಸರಕು, ಮೇಲೆ ನಾಲ್ವರು ಪ್ರಯಾಣಿಕರು, ಫ್ರಿಜ್ಜು ಖಾಲಿ. ಒಂದು ಲಕ್ಷ ಈ ಟ್ರಿಪ್ಪಿನ ಬಾಡಿಗೆ. ಕಂತು ಕಟ್ಟಲು ಇನ್ನೂ 54,500 ಬೇಕು, ದೀಪಾವಳಿ ರಜೆಯಲ್ಲಿ ಕೂರುತ್ತೇವೆ.