ಸುಮ್ನೆ ನೋಡುವ ಕೆಲಸ

ಇವತ್ತು ಇಡೀ ದಿನ ಲಾಗ್, ಅಂದರೆ ಸಿಸ್ಟಮ್ ತಾನೇ ಬರೆದಿಡುವ ದಾಖಲೆ, ಓದುತ್ತಾ ಕೂತಿದ್ದೆ. ನಮ್ಮ ಟಿಕೆಟ್ ಬುಕಿಂಗ್ ಸೇವೆಗೆ ಟೆಸ್ಟ್ ರಿಕ್ವೆಸ್ಟ್, ಅಂದರೆ ಪರೀಕ್ಷೆಗೆಂದು ಮಾಡುವ ಬುಕಿಂಗ್, ಒಂದನ್ನೂ ಕಳಿಸಲಿಲ್ಲ. ಕಳಿಸಿದರೆ ಯಾರಿಗೋ ಸಿಗಬೇಕಾದ ಸೀಟು ಹಿಡಿದಿಟ್ಟ ಹಾಗೆ, ಅಲ್ವಾ? ಸೇವೆಯೊಳಗೆ ಓಡಾಡುವ ಮೆಸೇಜುಗಳನ್ನು ಸುಮ್ನೆ ನೋಡಿ ಒಂದು ನಿಯಮಕ್ಕೆ ಹೋಲಿಸುವುದಷ್ಟೇ: ದುಡ್ಡು ಕಟ್ ಆದ ಮೇಲೆ ಸೀಟು ಖಾತ್ರಿಯಾಗಬೇಕು, ಇಲ್ಲ ದುಡ್ಡು ವಾಪಸ್ ಹೋಗಬೇಕು.

ಸಂಜೆ ಒಂದು ಬುಕಿಂಗ್ ಸಿಕ್ಕಿತು. ಸರ್ವರ್ ಕೊಟ್ಟ ಪ್ರತಿ ಉತ್ತರದಲ್ಲೂ 200 ಅನ್ನುವ ಕೋಡ್, ಅಂದರೆ ಎಲ್ಲ ಸರಿ. ಆದರೆ ದುಡ್ಡು ಹೋಗಿತ್ತು, ಆಮೇಲೆ ಏನೂ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಯಾವ ಮೆಸೇಜಿನಲ್ಲೂ ತಪ್ಪಿಲ್ಲ. ಸಾಲಾಗಿ ಇಟ್ಟಾಗಲೇ ಕಂಡಿದ್ದು.

ಸೇವೆಯಲ್ಲಿ ಜನ ಬಳಸದೇ ಇರುವ ಭಾಗದ ತಪ್ಪು ಹೀಗೆ ಸುಮ್ನೆ ನೋಡಿದರೆ ಸಿಗುವುದಿಲ್ಲ, ನಿಜ. ಆದರೂ ಅಮ್ಮ ನೆನಪಾದಳು. ಹಾಲು ಉಕ್ಕುವುದು ಅವಳಿಗೆ ಪಕ್ಕದ ಕೋಣೆಯಿಂದಲೇ, ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಆ ಪ್ರಯಾಣಿಕರ ದುಡ್ಡು ವಾಪಸ್ ಹೋಗುವವರೆಗೂ ನಾನು ಮನೆಗೆ ಹೊರಡಲಿಲ್ಲ.