ಗೋಡೆಗೆ ನೀರು ಹಾಕುವ ಪಾಳಿ

ಪಾಲಾದ ಮೇಲೆ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದರು. ಅಂಥ ದೊಡ್ಡ ಜಗಳವೇನಲ್ಲ. ಅಡಿಕೆ ತೋಟದ ನಡುವಿನ ಕಾಲುವೆ ಯಾರದ್ದು ಅನ್ನೋದು, ಅದರ ಮೇಲೆ ಯಾರೋ ಯಾರಿಗೋ ಹೇಳಿದ ಒಂದು ಮಾತು, ಅಷ್ಟೇ. ನಾವು ಮಕ್ಕಳು ಬೆಂಗಳೂರಲ್ಲಿ ಕೂತು ವಾಟ್ಸಾಪ್ ಗ್ರೂಪ್ ಮಾಡಿ ರಾಜಿ ಮಾಡಿಸಲು ನೋಡಿದೆವು. ಇಬ್ಬರೂ ಗ್ರೂಪ್ ಬಿಟ್ಟರು, ಬೇರೆ ಬೇರೆ ದಿನ.

2019ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಮಣ್ಣಿನ ಗೋಡೆ ಆ ಮಳೆಗೆ ಕುಸಿಯಿತು. ಮನೆ ಇಬ್ಬರ ಹೆಸರಲ್ಲೂ ಇತ್ತು, ಹಾಗಾಗಿ ಒಬ್ಬರೇ ಮುಟ್ಟುವ ಹಾಗಿಲ್ಲ. ಬಿದ್ದುಹೋಗಲಿ ಅನ್ನೋಣ ಅಂದರೆ ದೇವರ ಕೋಣೆ ಅಲ್ಲೇ ಇದೆ. ದೀಪಾವಳಿ ಕಳೆದು ಪಾಯ ತೆಗೆದರು. ಜಂಬಿಟ್ಟಿಗೆ ಕಲ್ಲಿನ ಗೋಡೆ ಎದ್ದಿತು, ಮಾಡಿಗೆ ಮರ ಕೂತಿತು. ಮಾತೆಲ್ಲ ಮೇಸ್ತ್ರಿ ಮೂಲಕವೇ.

ಯುಗಾದಿಗೆ ನಾವು ಊರಿಗೆ ಬಂದೆವು, ಮೇಸ್ತ್ರಿ ಕಡೆಯವರು ಅವರ ಊರಿಗೆ ಹೋದರು. ಹಬ್ಬದ ದಿನವೇ, 2020ರ ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಲಾಕ್‌ಡೌನ್. ಅವರು ಬರುವ ಹಾಗಿಲ್ಲ, ನಾವು ಹೋಗುವ ಹಾಗಿಲ್ಲ. ಗಿಲಾವು ಆಗಿನ್ನೂ ಹಸಿ. ಸಿಮೆಂಟು ಗಟ್ಟಿಯಾಗಲು ನೀರು ಬೇಕು, ಒಣಗಲು ಬಿಟ್ಟರೆ ಬಿರುಕು ಖಂಡಿತ. ಬೆಳಿಗ್ಗೆ ಚಿಕ್ಕಪ್ಪ, ಸಂಜೆ ಅಪ್ಪ ಅಂತ ಪಾಳಿ ಆಯಿತು. ಪಂಪಿಗೆ ಕರೆಂಟ್ ಇಲ್ಲದಾಗ ಬಾವಿಯಿಂದ ಕೊಡಪಾನದಲ್ಲಿ ಹೊರಬೇಕು. ಅಪ್ಪ ಸುಮ್ನೆ ಇರಬೇಕಲ್ಲ, ಬೆಳಿಗ್ಗೆಯೂ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದರು, "ಮೇಲಿನ ಮೂಲೆ ಒಣಗಿದೆ."

"ಕೊಡಪಾನ ಎತ್ತಿ ನೋಡು, ಆಮೇಲೆ ಹೇಳು."

ಇಷ್ಟೇ. ಮಾತು ಶುರುವಾಗಿದ್ದು ಹೀಗೆ. ಕೂರಿಸಿ ಮಾತಾಡಿಸಿದರೆ ಸರಿಹೋಗುತ್ತದೆ ಅನ್ನೋದರಲ್ಲಿ ನನಗೀಗ ನಂಬಿಕೆ ಇಲ್ಲ. ಕೂರಿಸಿದರೆ ಹಳೇದೇ ಬರುತ್ತದೆ. ಕೈಗೆ ಕೆಲಸ ಇದ್ದರೆ ಕೆಲಸದ ಮಾತಾದರೂ ಬರುತ್ತದೆ.

ಹೆಂಚು ಹೊದಿಸಲು ಜೂನ್ ಮಳೆಯ ಗಡುವು. ಏಣಿಯ ಬುಡದಿಂದ ಮಾಡಿನವರೆಗೆ ಮನೆಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಹಳೇ ಹೆಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಮುದ್ರೆ, 1865 ಅಂತ ಇಸವಿ. ಅಪ್ಪ ನಮ್ಮ ಮನೆ ಅಷ್ಟು ಹಳೇದು ಅಂದರು. ಅದು ಮಂಗಳೂರಲ್ಲಿ ಕಾರ್ಖಾನೆ ಶುರುವಾದ ವರ್ಷ, ಮನೆ ಕಟ್ಟಿಸಿದ್ದು ಅಜ್ಜ, ನಿನಗೆ ಲೆಕ್ಕ ಬರಲ್ಲ ಅಂತ ಚಿಕ್ಕಪ್ಪ. ಸಾಲು ನಿಂತೇ ಹೋಯಿತು! ಕೆಳಗೆ ನಾವು ಹೆಂಚು ಹಿಡಿದುಕೊಂಡು ಕಾಯುತ್ತಿದ್ದೇವೆ, ಮೇಲೆ ಅಣ್ಣ ತಮ್ಮ ಅಜ್ಜನಿಗೆ ಯಾವಾಗ ಮದುವೆಯಾಯಿತು ಅಂತ ಜಗಳ ಆಡುತ್ತಿದ್ದಾರೆ.

ಅದನ್ನು ಬಿಡಿಸಿದ್ದು ಅತ್ತೆ. ಅವಳೂ ಹಬ್ಬಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದಳು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದರೂ, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಅತ್ತೆಯೂ ಹಾಕಿದ್ದಳು. ಈಗ ಅಡುಗೆಮನೆಗೆ ಹೋಗಿ, "ಒಲೆಕಟ್ಟೆ ಇಷ್ಟೆತ್ತರ ಯಾರನ್ನು ಕೇಳಿ ಮಾಡಿದಿರಿ?" ಅಂದಳು. ಯಾರೂ ಉಸಿರೆತ್ತಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಸೇರಿ ಒಡೆದು, ಅವಳನ್ನು ಎದುರು ನಿಲ್ಲಿಸಿಕೊಂಡು, ಅವಳ ಸೊಂಟದ ಅಳತೆಗೆ ಮತ್ತೆ ಕಟ್ಟಿದರು.

ಮನೆಯ ಕಾಗದಕ್ಕೆ ಅತ್ತೆಯ ಹೆಸರೂ ಸೇರಿಸೋಣ ಅಂತ ಕಳೆದ ವರ್ಷ ಚಿಕ್ಕಪ್ಪ ಮಾತು ತೆಗೆದರು. ಅಪ್ಪ ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಈ ವಿಷಯದಲ್ಲಿ ನಾನಂತೂ ಚಿಕ್ಕಪ್ಪನ ಕಡೆ.